ನಡುಗುವ ನಾಯಿಗೆ ಸ್ವೆಟರ್ ಒಂದೇ ಸಾಕೆ?

ಪ್ರಶ್ನೆ: ನಾವು ಮಂಡ್ಯ ನಗರದಲ್ಲಿದ್ದೇವೆ. ಮನೆಯಲ್ಲಿ ಎರಡು ನಾಯಿಗಳಿವೆ. ಚಿಂಟು ಹತ್ತು ವರ್ಷದ ಗಂಡು ಡ್ಯಾಶ್‌ಹೌಂಡ್. ಕೆಂಪಿ ಬೀದಿಯಿಂದ ತಂದು ಸಾಕಿದ ಮೂರು ವರ್ಷದ ನಾಡು ನಾಯಿ. ಹೋದ ವರ್ಷದಿಂದ ಡಿಸೆಂಬರ್ ಬಂತೆಂದರೆ ಚಿಂಟು ಬೆಳಿಗ್ಗೆ ನಡುಗುತ್ತಾನೆ, ಮಲಗಿದಲ್ಲಿಂದ ಏಳಲು ಹಿಂಜರಿಯುತ್ತಾನೆ. ‘ಶುದ್ಧ ಉಣ್ಣೆ’ ಎಂದು ಬರೆದಿದ್ದ ಸ್ವೆಟರ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಹಾಕಿದ ಎರಡೇ ದಿನಕ್ಕೆ ಕಂಕುಳನ್ನು ಕೆರೆದುಕೊಂಡು ಕೆಂಪಗೆ ಮಾಡಿಕೊಂಡ. ವಾಸನೆ ಬರುತ್ತಿದೆ ಎಂದು ಅದನ್ನು ವಾಷಿಂಗ್ ಮಷಿನ್‌ನಲ್ಲಿ ಬಿಸಿ ನೀರಿಗೆ ಹಾಕಿದೆ. ಹೊರಗೆ ತೆಗೆದಾಗ ಬೆಕ್ಕಿನ ಮರಿಗೂ ಸಾಲದಷ್ಟು ಕುಗ್ಗಿತ್ತು. ‘ದೇವರು ಕೊಟ್ಟ ತುಪ್ಪಳದ ಮೇಲೆ ಇನ್ನೊಂದು ತುಪ್ಪಳ ಯಾಕೆ’ ಎಂದು ಯಜಮಾನರು ನಗುತ್ತಾರೆ. ಅತ್ತೆಯವರು ಮಾತ್ರ ‘ನೂಲು ತಂದುಕೊಡು, ನಾನೇ ಹೆಣೆಯುತ್ತೇನೆ’ ಎಂದು ಕಡ್ಡಿ ಹಿಡಿದು ಕುಳಿತಿದ್ದಾರೆ. ಪಕ್ಕದ ಮನೆಯವರು ಚಳಿಗೆ ಒಂದು ಚಮಚ ಬ್ರಾಂಡಿ ಕೊಡಿ ಎನ್ನುತ್ತಾರೆ. ಮತ್ತೆ ಉಣ್ಣೆಯದೇ ಹೆಣೆಸಬಹುದೆ? ರಾತ್ರಿಯೆಲ್ಲ ಹಾಕಿಡಬಹುದೆ? ಒಗೆಯುವುದು ಹೇಗೆ? ಕೆಂಪಿಗೂ ಒಂದು ಬೇಕೆ?

ಉತ್ತರ: ಮೊದಲಿಗೆ ಬ್ರಾಂಡಿಯ ಬಾಟಲಿಯನ್ನು ಪಕ್ಕದ ಮನೆಗೇ ವಾಪಸು ಕಳುಹಿಸಿ. ಮೈಸೂರಿನ ನನ್ನ ಕ್ಲಿನಿಕ್ಕಿನಲ್ಲಿ ಚಳಿಗಾಲ ಬಂತೆಂದರೆ ಈ ‘ಒಂದು ಚಮಚ’ದ ಮಾತು ಕೇಳಿಬರುತ್ತದೆ, ಅದೂ ಹೆಚ್ಚಾಗಿ ಎಳೆಯ ಮರಿಗಳ ವಿಚಾರದಲ್ಲಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬೆಚ್ಚಗಾದಂತೆ ಕಂಡರೂ ಒಳಗಿನ ಶಾಖ ಹೊರಗೆ ಸೋರಿಹೋಗಿ ದೇಹದ ಉಷ್ಣಾಂಶ ಇನ್ನಷ್ಟು ಇಳಿಯುತ್ತದೆ. ಜೊತೆಗೆ ರಕ್ತದ ಸಕ್ಕರೆಯೂ ಇಳಿಯುತ್ತದೆ. ಚಿಂಟುವಿನಂಥ ಚಿಕ್ಕ ದೇಹಕ್ಕೆ ಅದು ಔಷಧವಲ್ಲ, ವಿಷ.

ಇನ್ನು ನಿಮ್ಮ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀವು ಕೇಳಿರುವುದು ಸ್ವೆಟರಿನ ಬಗ್ಗೆ. ನನ್ನ ಕಣ್ಣು ಹೋದದ್ದು ಅದರ ಹಿಂದಿನ ಸಾಲಿಗೆ: ‘ನಡುಗುತ್ತಾನೆ, ಏಳಲು ಹಿಂಜರಿಯುತ್ತಾನೆ.’ ಹತ್ತು ವರ್ಷದ ಡ್ಯಾಶ್‌ಹೌಂಡ್ ಬೆಳಿಗ್ಗೆ ನಡುಗಿದರೆ ಚಳಿ ಎಂದು ಊಹಿಸುವುದು ಸಹಜ. ಆದರೆ ಪಶುವೈದ್ಯರು ಮೊದಲು ಕೈಯಿಡುವುದು ಅದರ ಬೆನ್ನಿನ ಮೇಲೆ. ಉದ್ದ ಬೆನ್ನು, ಗಿಡ್ಡ ಕಾಲಿನ ಈ ತಳಿಗೆ ಬೆನ್ನುಮೂಳೆಯ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಬೇಗ ಗಟ್ಟಿಯಾಗಿ ಜಾರುವ ಕಾಯಿಲೆ ಬೇರೆ ತಳಿಗಳಿಗಿಂತ ಬಹಳ ಹೆಚ್ಚು. ಜಾರಿದ ಡಿಸ್ಕ್ ನರವನ್ನು ಒತ್ತಿದಾಗ ನಾಯಿ ಕೂಗಲೇಬೇಕೆಂದಿಲ್ಲ. ಎಷ್ಟೋ ನಾಯಿಗಳು ಸುಮ್ಮನೆ ನಡುಗುತ್ತವೆ, ಬೆನ್ನನ್ನು ಸ್ವಲ್ಪ ಗೂನು ಮಾಡಿ ನಿಲ್ಲುತ್ತವೆ, ಸೋಫಾ ಹತ್ತುವುದನ್ನು ಬಿಡುತ್ತವೆ, ಎತ್ತಿಕೊಳ್ಳಲು ಹೋದರೆ ಗುರ್ ಎನ್ನುತ್ತವೆ. ಚಳಿಯಲ್ಲಿ ಸ್ನಾಯುಗಳು ಬಿಗಿಯುವುದರಿಂದ ನೋವು ಬೆಳಗಿನ ಹೊತ್ತು ಹೆಚ್ಚಾಗಿ ಕಾಣುತ್ತದೆ. ಅದನ್ನು ನೋಡಿದವರು ಸ್ವೆಟರ್ ತರುತ್ತಾರೆ. ಸ್ವೆಟರಿನ ಬೆಚ್ಚನೆಗೆ ಸ್ನಾಯು ಸ್ವಲ್ಪ ಸಡಿಲಗೊಂಡು ನಡುಕ ಕಡಿಮೆಯಾಗುತ್ತದೆ, ‘ಪಾಪ, ಚಳಿಯೇ ಆಗಿತ್ತು’ ಎಂದು ಮನೆಯವರಿಗೆ ಸಮಾಧಾನವಾಗುತ್ತದೆ. ಮೂಲ ಕಾಯಿಲೆ ಹಾಗೇ ಉಳಿಯುತ್ತದೆ.

ಹಾಗಾಗಿ ನೂಲು ತರುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಔಷಧದ ಅಂಗಡಿಯಲ್ಲಿ ಸಿಗುವ ಸಾಧಾರಣ ಡಿಜಿಟಲ್ ಥರ್ಮಾಮೀಟರ್ ಸಾಕು. ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಒಬ್ಬರು ಹಿಡಿದುಕೊಂಡಿದ್ದಾಗ ಗುದದ್ವಾರದೊಳಗೆ ಮೆಲ್ಲಗೆ ಒಂದಿಂಚು ತೂರಿಸಿ. ನಡುಗುತ್ತಿರುವಾಗಲೇ ನೋಡಬೇಕು. ನಾಯಿಯ ಸಹಜ ಉಷ್ಣಾಂಶ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗಿಂತ ಅವು ಸದಾ ಬೆಚ್ಚಗೇ ಇರುತ್ತವೆ. ‘ಮೈ ಸುಡುತ್ತಿದೆ, ಜ್ವರ’ ಎಂದು ಗಾಬರಿಯಾಗಿ ಬರುವ ಎಷ್ಟೋ ಮಂದಿಗೆ ಇದು ತಿಳಿದಿರುವುದಿಲ್ಲ. ಮೂಗು ಒಣಗಿದೆಯೇ, ಕಿವಿ ತಣ್ಣಗಿದೆಯೇ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಉಷ್ಣಾಂಶ 103 ದಾಟಿದರೆ ಆ ನಡುಕ ಜ್ವರದ್ದು. 99ಕ್ಕಿಂತ ಕೆಳಗಿದ್ದರೆ ದೇಹ ನಿಜಕ್ಕೂ ತಣ್ಣಗಾಗಿದೆ. ಕಂಬಳಿ ಸುತ್ತಿಕೊಂಡು ನೇರ ಆಸ್ಪತ್ರೆಗೆ ಬನ್ನಿ. ಸಹಜ ಮಟ್ಟದಲ್ಲಿದ್ದು, ಬೆಚ್ಚಗಿನ ಕೋಣೆಯಲ್ಲೂ ನಡುಕ ನಿಲ್ಲದಿದ್ದರೆ ನೋವಿನ ಅನುಮಾನ ಬಲವಾಗುತ್ತದೆ.

ನೋವಲ್ಲದೆ ಇನ್ನೂ ಕಾರಣಗಳಿವೆ. ನಮ್ಮ ಮಂಡ್ಯ–ಮೈಸೂರು ಭಾಗದಲ್ಲಿ ಉಣುಗಿನಿಂದ ಬರುವ ಜ್ವರ ವರ್ಷವಿಡೀ ಇದೆ. ಎರ್ಲೀಕಿಯಾ, ಬೆಬೇಸಿಯಾ ಎಂಬ ಸೂಕ್ಷ್ಮಜೀವಿಗಳು ರಕ್ತವನ್ನು ಸೇರಿದಾಗ ನಾಯಿ ರಕ್ತಹೀನವಾಗಿ ಸೊರಗುತ್ತದೆ, ಮೂಲೆ ಹಿಡಿದು ಮಲಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ. ಥೈರಾಯ್ಡ್ ಗ್ರಂಥಿ ಮಂದವಾದ ನಾಯಿ ಹೆಚ್ಚು ತಿನ್ನದಿದ್ದರೂ ದಪ್ಪಗಾಗುತ್ತದೆ, ಬಾಲದ ಮೇಲಿನ ಕೂದಲು ಉದುರುತ್ತದೆ, ಬಿಸಿಲು ಬಿದ್ದ ಜಾಗ ಹುಡುಕಿಕೊಂಡು ಹೋಗುತ್ತದೆ. ಚಿಂಟುವಿನ ವಯಸ್ಸಿಗೆ ಒಮ್ಮೆ ರಕ್ತ ಪರೀಕ್ಷೆ, ಮೂತ್ರಪಿಂಡದ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಂದೇ ಹೇಳುತ್ತೇನೆ. ಪಟಾಕಿಯ ಭಯಕ್ಕೂ ನಾಯಿಗಳು ನಡುಗುತ್ತವೆ. ಆದರೆ ನಿಮ್ಮ ವಿವರಣೆಗೆ ಅದು ಹೊಂದುವುದಿಲ್ಲ. ಒಂದು ಎಚ್ಚರಿಕೆ: ನೋವಿರಬಹುದು ಎಂದು ಮನೆಯಲ್ಲಿರುವ ನಮ್ಮ ಮಾತ್ರೆಗಳನ್ನು ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಕೂಡ ವೈದ್ಯರು ಹೇಳದೆ ಬೇಡ.

ಇಷ್ಟಾದ ಮೇಲೆ ಚಳಿಯ ವಿಚಾರ. ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ಸತ್ಯವಿದೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ 15ರಿಂದ 18 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಕೆಲವು ದಿನ ಅದಕ್ಕಿಂತ ಇಳಿಯುತ್ತದೆ. ಮಧ್ಯಾಹ್ನ ಹೊತ್ತಿಗೆ 28 ದಾಟುತ್ತದೆ. ಆರೋಗ್ಯವಾಗಿರುವ, ಹರೆಯದ, ಮೈಯಲ್ಲಿ ಸಾಕಷ್ಟು ಮಾಂಸ ಇರುವ ನಾಯಿಗೆ ಇದು ಚಳಿಯೇ ಅಲ್ಲ. ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ಪೊಮೆರೇನಿಯನ್, ಹಸ್ಕಿ ಇವುಗಳಿಗೆ ಎರಡು ಪದರದ ಕೂದಲು: ಮೇಲೆ ಒರಟು ಕೂದಲು, ಕೆಳಗೆ ಮೆತ್ತನೆಯ ಒಳತುಪ್ಪಳ. ಆ ಒಳತುಪ್ಪಳದಲ್ಲಿ ನಿಂತ ಗಾಳಿಯೇ ಅವುಗಳ ಸ್ವೆಟರ್. ಅದರ ಮೇಲೆ ಇನ್ನೊಂದನ್ನು ಬಿಗಿದರೆ ಕೂದಲು ಒತ್ತಿಕೊಂಡು ಆ ಗಾಳಿ ಹೊರಹೋಗುತ್ತದೆ, ಕೂದಲು ಗಂಟುಗಂಟಾಗುತ್ತದೆ, ಮೈ ಬೆವೆತಂತೆ ಮುಗ್ಗಲು ಹಿಡಿಯುತ್ತದೆ. ಬೆವೆತಂತೆ ಎಂದೆ, ಏಕೆಂದರೆ ನಾಯಿ ಮೈಯಿಂದ ನಮ್ಮಂತೆ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಸ್ವಲ್ಪ ಬೆವರು. ಉಳಿದ ಶಾಖವನ್ನೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಕಳೆಯಬೇಕು.

ಸ್ವೆಟರ್ ನಿಜವಾಗಿ ಬೇಕಾಗುವವು ಬೇರೆ. ಗಿಡ್ಡ ಕೂದಲಿನ ಚಿಕ್ಕ ನಾಯಿಗಳು, ಮುಧೋಳದಂಥ ತೆಳು ಚರ್ಮ, ಕಡಿಮೆ ಕೊಬ್ಬಿನ ಬೇಟೆ ನಾಯಿಗಳು, ಮುದಿ ನಾಯಿಗಳು, ಕಾಯಿಲೆಯಿಂದ ಬಡಕಲಾದವು, ಆಪರೇಷನ್‌ಗೆ ಅಥವಾ ಚರ್ಮದ ಚಿಕಿತ್ಸೆಗೆ ಕೂದಲು ಬೋಳಿಸಿಕೊಂಡವು. ಚಿಂಟು ಇದರಲ್ಲಿ ಮೂರು ಲೆಕ್ಕಕ್ಕೆ ಸೇರುತ್ತಾನೆ: ಚಿಕ್ಕ ದೇಹ, ಗಿಡ್ಡ ಕೂದಲು, ವಯಸ್ಸು. ಜೊತೆಗೆ ಹೊಟ್ಟೆ ನೆಲಕ್ಕೆ ಹತ್ತಿರ. ನಾಲೆಯ ಏರಿಯ ಮೇಲೋ ಕಬ್ಬಿನ ಗದ್ದೆಯ ಬದುವಿನಲ್ಲೋ ಬೆಳಿಗ್ಗೆ ತಿರುಗಾಡಿಸಿದರೆ ಇಬ್ಬನಿ ಮೊದಲು ಒದ್ದೆ ಮಾಡುವುದು ಅವನ ಹೊಟ್ಟೆಯನ್ನೇ. ಆದ್ದರಿಂದ ಬೆನ್ನಿನ ಕಾಯಿಲೆ ಇರಲಿ, ಇಲ್ಲದಿರಲಿ, ಅವನಿಗೆ ಬೆಳಗಿನ ಒಂದು ಹೊದಿಕೆ ಬೇಕು ಎಂಬಲ್ಲಿ ನಾನು ನಿಮ್ಮ ಅತ್ತೆಯವರ ಪಕ್ಷ.

‘ಸ್ವೆಟರ್ ಹಾಕದಿದ್ದರೆ ಶೀತವಾಗಿ ಕೆಮ್ಮು ಬರುತ್ತದೆ’ ಎಂಬ ಭಯವೂ ಹಲವರಿಗಿದೆ. ನಾಯಿಗಳ ಕೆಮ್ಮು ಬೊರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದಲೋ ವೈರಸ್‌ಗಳಿಂದಲೋ ಇನ್ನೊಂದು ನಾಯಿಯಿಂದ ಅಂಟುತ್ತದೆ, ಇಲ್ಲವೇ ಹೃದಯದ ಕವಾಟ ಸೋರುವುದರಿಂದ, ಶ್ವಾಸನಾಳ ಕುಸಿಯುವುದರಿಂದ ಬರುತ್ತದೆ. ಮುದಿ ನಾಯಿ ರಾತ್ರಿ ಕೆಮ್ಮಿದರೆ ಬಟ್ಟೆ ಹುಡುಕಬೇಡಿ, ಹೃದಯ ತೋರಿಸಿ.

ಸ್ವೆಟರಿಗಿಂತ ಮೊದಲು ಮಾಡಬೇಕಾದದ್ದು ಇನ್ನೊಂದಿದೆ: ಅವನನ್ನು ನೆಲದಿಂದ ಮೇಲೆತ್ತಿ. ನೀವು ಬರೆದಿಲ್ಲವಾದರೂ ನಿಮ್ಮ ಮನೆಯ ನೆಲ ಟೈಲ್ಸೋ, ಗ್ರಾನೈಟೋ, ಹಳೆಯ ಮನೆಯಾದರೆ ರೆಡ್ ಆಕ್ಸೈಡೋ ಇರಬೇಕು. ಮಲಗಿದ ನಾಯಿಯ ಶಾಖವನ್ನು ಗಾಳಿಗಿಂತ ಬೇಗ ಎಳೆದುಕೊಳ್ಳುವುದು ಈ ನೆಲ. ಮೇಲೆ ಎಷ್ಟು ದಪ್ಪದ ಸ್ವೆಟರ್ ಹಾಕಿದರೂ ಮಲಗಿದಾಗ ಅಡಿಯ ಭಾಗ ದೇಹದ ಭಾರಕ್ಕೆ ಒತ್ತಿ ತೆಳುವಾಗುತ್ತದೆ, ನೆಲದ ತಂಪು ಹಾಗೇ ತಟ್ಟುತ್ತದೆ. ಒಂದು ಗಿಡ್ಡ ಮಣೆ ಅಥವಾ ಹಲಗೆ, ಅದರ ಮೇಲೆ ಮಡಿಸಿದ ಗೋಣಿಚೀಲ, ಅದರ ಮೇಲೆ ಕಂಬಳಿ, ಅದರ ಮೇಲೆ ಹಳೆಯ ಹತ್ತಿ ಸೀರೆ. ಹಲಗೆ ನಾಲ್ಕು ಇಂಚಿಗಿಂತ ಎತ್ತರ ಬೇಡ. ಹತ್ತಿ ಇಳಿಯುವುದೇ ಅವನ ಬೆನ್ನಿಗೆ ಕಷ್ಟವಾಗಬಾರದು. ಬಾಗಿಲ ಸಂದಿಯ ಗಾಳಿ ಬರದ ಮೂಲೆಯಲ್ಲಿಡಿ. ಇಷ್ಟು ಮಾಡಿದ ಮೇಲೆ ಅರ್ಧಕ್ಕರ್ಧ ನಾಯಿಗಳಿಗೆ ರಾತ್ರಿ ಸ್ವೆಟರ್ ಬೇಕೆನಿಸುವುದೇ ಇಲ್ಲ ಎಂಬುದು ನನ್ನ ಅನುಭವ. ಬಿಸಿ ನೀರಿನ ಚೀಲ ಇಡುವವರಿದ್ದಾರೆ. ಬಟ್ಟೆ ಸುತ್ತದೆ ಇಟ್ಟರೆ ಚರ್ಮ ಸುಡುತ್ತದೆ. ಏಳಲಾರದ ಮುದಿ ನಾಯಿ ಸುಟ್ಟರೂ ಅಲ್ಲೇ ಮಲಗಿರುತ್ತದೆ.

ಕಂಬಳಿ ಎಂದಾಗ ಕುರುಬರು ನೇಯುವ ಕರಿಕಂಬಳಿಯನ್ನೇ ಹೇಳುತ್ತಿದ್ದೇನೆ. ಹಾಸಲು ಅದಕ್ಕಿಂತ ಒಳ್ಳೆಯದಿಲ್ಲ. ದಖನಿ ಕುರಿಯ ಒರಟು ಉಣ್ಣೆ, ನೂಲಿಗೆ ಹುಣಸೆಬೀಜದ ಗಂಜಿ. ಒತ್ತಿದರೂ ಚಪ್ಪಟೆಯಾಗದು, ಬಾಳಿಕೆಯೂ ಹೆಚ್ಚು. ಆದರೆ ಅದನ್ನೇ ಕತ್ತರಿಸಿ ನಾಯಿಗೆ ಅಂಗಿ ಹೊಲಿಸಬೇಡಿ. ಇಲ್ಲಿಂದ ನಿಮ್ಮ ಮೊದಲ ಸ್ವೆಟರ್ ಏಕೆ ಚುಚ್ಚಿತು ಎಂಬ ವಿಷಯ ಶುರುವಾಗುತ್ತದೆ.

ಉಣ್ಣೆಯ ಎಳೆಯ ದಪ್ಪವನ್ನು ಮೈಕ್ರಾನ್‌ನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ, ಅಳೆಯುತ್ತಾರೆ. ಮೆರಿನೊ ಕುರಿಯ ಉಣ್ಣೆ 24 ಮೈಕ್ರಾನ್‌ಗಿಂತ ಸಣ್ಣ. ಸುಮಾರು 30 ದಾಟಿದ ಎಳೆಯ ತುದಿ ಬಾಗದೆ ಚರ್ಮಕ್ಕೆ ಚುಚ್ಚುತ್ತದೆ. ಕಂಬಳಿಯ ಉಣ್ಣೆ ಈ ಒರಟು ಜಾತಿಯದು. ನಿಮ್ಮ ಪಕ್ಕದ ಬನ್ನೂರು ಕುರಿಯದೂ ಅಷ್ಟೇ. ಅದು ಹೆಸರು ಮಾಡಿರುವುದು ಮಾಂಸಕ್ಕೆ, ಉಣ್ಣೆಗಲ್ಲ. ನಾಯಿಯ ಚರ್ಮದ ಹೊರಪದರ ನಮ್ಮದಕ್ಕಿಂತ ತೆಳು. ನಮ್ಮಲ್ಲಿ ಹತ್ತು ಹದಿನೈದು ಕೋಶಗಳ ಸಾಲಿದ್ದರೆ ಅವುಗಳಲ್ಲಿ ಮೂರರಿಂದ ಐದು. ಬೆನ್ನ ಮೇಲೆ ಕೂದಲಿನ ರಕ್ಷಣೆ ಇದೆ. ಕಂಕುಳು, ತೊಡೆಸಂದು, ಹೊಟ್ಟೆಯಲ್ಲಿ ಅದಿಲ್ಲ. ಆದ್ದರಿಂದಲೇ ಚಿಂಟು ಕೆರೆದುಕೊಂಡದ್ದು ಕಂಕುಳನ್ನು. ಇದನ್ನು ‘ಉಣ್ಣೆ ಅಲರ್ಜಿ’ ಎಂದು ಬರೆದಿಡಬೇಡಿ. ಬಹುಪಾಲು ಸಲ ಅದು ಎಳೆಯ ಚುಚ್ಚುವಿಕೆ, ಬಿಗಿಯಾದ ತೋಳುಕಂಡಿಯ ಉಜ್ಜಾಟ, ಸೋಪಿನ ಉಳಿಕೆ ಈ ಮೂರರಲ್ಲಿ ಒಂದು. ಆದರೂ ಕಂಕುಳು ಈಗಲೂ ಕೆಂಪಗಿದ್ದು, ಜಿಡ್ಡು ಜಿಡ್ಡಾಗಿ, ಹುಳಿ ವಾಸನೆ ಬರುತ್ತಿದ್ದರೆ ಅಲ್ಲಿ ಯೀಸ್ಟ್ ಎಂಬ ಶಿಲೀಂಧ್ರ ಬೆಳೆದಿದೆ. ಅದು ವಾಸಿಯಾಗುವ ತನಕ ಯಾವ ಬಟ್ಟೆಯೂ ಬೇಡ.

ಹಾಗಾದರೆ ಅತ್ತೆಯವರಿಗೆ ಯಾವ ನೂಲು ತಂದುಕೊಡಬೇಕು? ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಮಾರುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್, ಅಂದರೆ ಕೃತಕ ನೂಲು. ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಎಂದಲ್ಲ, ರೂಢಿಯೇ ಹಾಗೆ. ಒಂದೆಳೆಯನ್ನು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದೊಡನೆ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಯಾವುದು ಮೇಲು ಎಂದು ಕೇಳಿದರೆ ನಾನು ಉಣ್ಣೆಯ ಭಕ್ತನಲ್ಲ. ಶಿಮ್ಲಾದಲ್ಲಿದ್ದರೆ ಬೇರೆ ಮಾತು. ಮಂಡ್ಯದಲ್ಲಿ ದಿನಕ್ಕೆ ಎರಡು ಮೂರು ಗಂಟೆ ಹಾಕಿ ತೆಗೆಯುವ ಬಟ್ಟೆಗೆ ಮಕ್ಕಳ ಸ್ವೆಟರಿಗೆ ಬಳಸುವ ಮೆತ್ತನೆಯ ಅಕ್ರಿಲಿಕ್, ಅಥವಾ ಉಣ್ಣೆ ಬೆರೆತ ಅಕ್ರಿಲಿಕ್ ಸಾಕು. ಅಗ್ಗ, ಚುಚ್ಚುವುದಿಲ್ಲ, ಉಚ್ಚೆ ಬಿದ್ದರೆ ಧೈರ್ಯವಾಗಿ ಒಗೆಯಬಹುದು. ಅದರ ದೋಷವೆಂದರೆ ತೇವವನ್ನು ಒಳಗೆ ಎಳೆದುಕೊಳ್ಳದು, ಒದ್ದೆಯಾದರೆ ಬೆಚ್ಚಗಿಡದು. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಯೂ ಕೈಗೆ ಒಣಗಿದಂತೆ ಕಾಣುತ್ತದೆ. ಇದು ಗುಣವೂ ಹೌದು, ಅಪಾಯವೂ ಹೌದು. ಇಬ್ಬನಿಯಲ್ಲಿ ತಿರುಗಿ ಬಂದ ಚಿಂಟುವಿನ ಸ್ವೆಟರನ್ನು ಮೇಲಿನಿಂದ ಮುಟ್ಟಿ ‘ಒಣಗಿದೆ’ ಎಂದು ಬಿಟ್ಟರೆ, ಒಳಗೆ ಹೊಟ್ಟೆಯ ಚರ್ಮ ಗಂಟೆಗಟ್ಟಲೆ ತೇವದಲ್ಲೇ ಇರುತ್ತದೆ. ಮನೆಗೆ ಬಂದ ಕೂಡಲೇ ತೆಗೆದು, ಹೊಟ್ಟೆಯನ್ನು ಒಣ ಟವೆಲ್‌ನಿಂದ ಒರೆಸುವುದು ಅಭ್ಯಾಸವಾಗಲಿ.

ಅತ್ತೆಯವರಿಗೆ ಮೆರಿನೊ ಉಣ್ಣೆಯಲ್ಲೇ ಹೆಣೆಯುವ ಆಸೆಯಿದ್ದರೆ ತಪ್ಪೇನಿಲ್ಲ. ಖರ್ಚು ಹೆಚ್ಚು, ಒಗೆತದಲ್ಲಿ ನಾಜೂಕು, ಅಷ್ಟೆ. ನೂಲನ್ನು ನಿಮ್ಮ ಕತ್ತಿನ ಪಕ್ಕಕ್ಕೆ ಒಂದು ನಿಮಿಷ ಒತ್ತಿ ಹಿಡಿಯಿರಿ. ನಿಮಗೆ ಚುಚ್ಚಿದರೆ ಅವನಿಗೂ ಚುಚ್ಚುತ್ತದೆ.

ಅಳತೆಯಲ್ಲೇ ಹೆಚ್ಚಿನವರು ಎಡವುವುದು. ‘ಸ್ಮಾಲ್, ಮೀಡಿಯಂ’ ಎಂಬ ಲೆಕ್ಕ ಡ್ಯಾಶ್‌ಹೌಂಡ್‌ಗೆ ಹೊಂದುವುದೇ ಇಲ್ಲ. ಎದೆಗೆ ಸರಿಯಾದದ್ದು ಬೆನ್ನಿಗೆ ಗಿಡ್ಡ, ಬೆನ್ನಿಗೆ ಸರಿಯಾದದ್ದು ಎದೆಗೆ ದೊಗಲೆ. ಮೂರು ಅಳತೆ ತೆಗೆಯಿರಿ: ಕಾಲರ್ ಕೂರುವ ಜಾಗದಲ್ಲಿ ಕುತ್ತಿಗೆಯ ಸುತ್ತಳತೆ, ಮುಂಗಾಲಿನ ಹಿಂದೆ ಎದೆ ಅತಿ ಅಗಲವಾಗಿರುವಲ್ಲಿ ಸುತ್ತಳತೆ, ಕುತ್ತಿಗೆಯ ಬುಡದಿಂದ ಬಾಲದ ಬುಡದವರೆಗೆ ಉದ್ದ. ನಾಯಿ ನಿಂತಿರಬೇಕು, ಕುಳಿತಾಗ ತೆಗೆದ ಅಳತೆ ತಪ್ಪುತ್ತದೆ. ಬೆನ್ನಿನ ಭಾಗ ಬಾಲದ ಬುಡಕ್ಕಿಂತ ಎರಡಿಂಚು ಮೊದಲೇ ಮುಗಿಯಲಿ. ಹೊಟ್ಟೆಯ ಭಾಗ ಇನ್ನೂ ಮೊದಲು, ಕೊನೆಯ ಪಕ್ಕೆಲುಬಿನ ಹತ್ತಿರವೇ ನಿಲ್ಲಬೇಕು. ಅವನು ಗಂಡು, ಅದಕ್ಕಿಂತ ಹಿಂದೆ ಬಂದರೆ ಪ್ರತಿ ಸಲ ಉಚ್ಚೆ ಹೊಯ್ದಾಗಲೂ ಸ್ವೆಟರ್ ನೆನೆಯುತ್ತದೆ, ಆ ಒದ್ದೆ ಬಟ್ಟೆ ಚರ್ಮವನ್ನು ಬೇಯಿಸುತ್ತದೆ. ತೋಳು ಬೇಡವೇ ಬೇಡ, ಅಗಲವಾದ ತೋಳುಕಂಡಿ ಸಾಕು. ಕಂಡಿಯ ಅಂಚಿಗೆ ಮೆತ್ತನೆಯ ಹತ್ತಿ ಬಟ್ಟೆಯ ಪಟ್ಟಿ ಹೊಲಿದರೆ ಕಂಕುಳಿಗೆ ಒಳ್ಳೆಯದು. ಹಾಕಿದ ಮೇಲೆ ಎಲ್ಲ ಕಡೆಯೂ ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು.

ಇನ್ನೊಂದು ಮಾತನ್ನು ಅತ್ತೆಯವರಿಗೆ ಒತ್ತಿ ಹೇಳಿ: ತಲೆಯ ಮೇಲಿನಿಂದ ತೂರಿಸುವ ಮಾದರಿ ಬೇಡ. ಬೆನ್ನು ನೋವಿರಬಹುದಾದ ನಾಯಿಯ ಕಾಲನ್ನು ಮಡಚಿ, ಮೈ ತಿರುಚಿ ಬಟ್ಟೆ ತೊಡಿಸುವುದೇ ಒಂದು ಹಿಂಸೆ. ಬೆನ್ನ ಮೇಲೆ ಹೊದಿಸಿ ಎದೆಯ ಹತ್ತಿರ ಮತ್ತು ಹೊಟ್ಟೆಯ ಪಕ್ಕದಲ್ಲಿ ಅಗಲವಾದ ವೆಲ್ಕ್ರೊ ಪಟ್ಟಿಯಿಂದ ಮುಚ್ಚುವ ಹಾಗೆ ಹೆಣೆಯಲಿ. ಗುಂಡಿ, ಮಣಿ, ಕುಚ್ಚು, ಗೆಜ್ಜೆ ಏನೂ ಬೇಡ. ನೋಡಲು ಚೆಂದವೇ; ಆದರೆ ಹಲ್ಲಿಗೆ ಸಿಕ್ಕಿದ ಗುಂಡಿ ಹೊಟ್ಟೆಗೆ ಹೋಗುತ್ತದೆ. ನೂಲಿನ ಎಳೆ ಅದಕ್ಕಿಂತ ಕೆಟ್ಟದ್ದು. ನುಂಗಿದ ಉದ್ದ ನೂಲಿನ ಒಂದು ತುದಿ ಎಲ್ಲೋ ಸಿಕ್ಕಿಕೊಂಡರೆ ಕರುಳು ಅದರ ಉದ್ದಕ್ಕೂ ನೆರಿಗೆ ನೆರಿಗೆಯಾಗಿ ಸುರುಟಿಕೊಳ್ಳುತ್ತದೆ, ನೂಲು ಕರುಳನ್ನೇ ಕೊಯ್ಯುತ್ತದೆ. ನಾಯಿಯ ಹಿಂಬದಿಯಲ್ಲಿ ನೂಲು ನೇತಾಡುವುದು ಕಂಡರೆ ಎಳೆಯಬೇಡಿ, ಹಾಗೆಯೇ ಕರೆದುಕೊಂಡು ಬನ್ನಿ. ಆ ತುದಿಯನ್ನು ಎಳೆದು ತೆಗೆಯಲು ಹೋದವರ ನಾಯಿಗಳಿಗೆ ಆಪರೇಷನ್ ಮಾಡುವಾಗ ಕರುಳಿನ ಸ್ಥಿತಿ ಬಹಳ ಕೆಟ್ಟದಾಗಿರುತ್ತದೆ. ಅತ್ತೆಯವರು ಹೆಣೆಯುವಾಗ ಉಂಡೆಗಳು ಮುಚ್ಚಳವಿರುವ ಡಬ್ಬಿಯಲ್ಲಿರಲಿ. ಚಿಂಟುವಿಗಿಂತ ಕೆಂಪಿಯ ಮೇಲೆ ನನಗೆ ಹೆಚ್ಚು ಅನುಮಾನ.

ಮೊದಲ ದಿನವೇ ಗಂಟೆಗಟ್ಟಲೆ ಹಾಕಬೇಡಿ. ಮೂಸಲು ಬಿಡಿ, ಬೆನ್ನ ಮೇಲೆ ಸುಮ್ಮನೆ ಹೊದಿಸಿ ತಿಂಡಿ ಕೊಡಿ, ಹತ್ತು ನಿಮಿಷಕ್ಕೆ ತೆಗೆಯಿರಿ. ಹಾಕಿದ ಕೂಡಲೇ ಕಲ್ಲಾಗಿ ನಿಂತುಬಿಟ್ಟರೆ ‘ಎಷ್ಟು ಜಾಣ, ಗಲಾಟೆ ಮಾಡಲಿಲ್ಲ’ ಎಂದುಕೊಳ್ಳಬೇಡಿ. ಅದು ಇಷ್ಟವಿಲ್ಲದ ಲಕ್ಷಣ. ಬೆಳಿಗ್ಗೆ ಹೊರಗೆ ಹೋಗುವಾಗ ಹಾಕಿ, ಬಿಸಿಲು ಬಲಿಯುವ ಮುನ್ನ, ಎಂಟೂವರೆ ಒಂಬತ್ತರೊಳಗೆ, ತೆಗೆಯಿರಿ. ಬೆಲ್ಟ್ ಅಥವಾ ಹಾರ್ನೆಸ್ ಸ್ವೆಟರಿನ ಮೇಲೆ ಬರಲಿ. ಒಳಗಿದ್ದರೆ ಮಡಿಕೆಯಾಗಿ ಚರ್ಮ ಸುಲಿಯುತ್ತದೆ. ರಾತ್ರಿಯೆಲ್ಲ ಹಾಕಿಡಬಹುದೇ ಎಂದರೆ, ಮನೆಯೊಳಗೆ ಹಾಸಿಗೆ ಸರಿಯಾಗಿದ್ದರೆ ಬೇಡ ಎಂಬುದು ನನ್ನ ಉತ್ತರ. ನಿದ್ದೆಯಲ್ಲಿ ಸೆಕೆಯಾದರೆ ಹಾಸಿಗೆಯಿಂದ ಇಳಿದು ಬರಿ ನೆಲಕ್ಕೆ ಹೋಗಬಲ್ಲ, ಸ್ವೆಟರನ್ನು ಕಳಚಿಕೊಳ್ಳಲಾರ. ತೀರ ಚಳಿಯ ರಾತ್ರಿ ಹಾಕಲೇಬೇಕಾದರೆ ಯಾರಾದರೂ ಅದೇ ಕೋಣೆಯಲ್ಲಿ ಮಲಗಿರಿ. ಏದುಸಿರು, ಚಡಪಡಿಕೆ, ತಣ್ಣನೆಯ ನೆಲ ಹುಡುಕುವುದು ಕಂಡರೆ ಕೂಡಲೇ ತೆಗೆಯಿರಿ. ಹಗಲು ಬಿಸಿಲಲ್ಲಿ, ಕಾರಿನೊಳಗೆ ಸ್ವೆಟರ್ ಹಾಕಿದ ನಾಯಿಯನ್ನು ಬಿಡಲೇಬೇಡಿ.

ಪ್ರತಿ ಸಲ ತೆಗೆದಾಗಲೂ ಮೈಯೆಲ್ಲ ಕೈಯಾಡಿಸಿ. ಉಣುಗು ಕೂರುವುದು ಕಿವಿಯೊಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ, ಕಾಲರಿನ ಕೆಳಗೆ. ದಿನವಿಡೀ ಬಟ್ಟೆ ಹಾಕಿದ ನಾಯಿಗಳಲ್ಲಿ ಮನೆಯವರು ಉಣುಗನ್ನು ನೋಡುವಷ್ಟರಲ್ಲಿ ಅದು ರಕ್ತ ಕುಡಿದು ಉಬ್ಬಿರುತ್ತದೆ.

ಈಗ ಒಗೆತ. ನಿಮ್ಮ ಸ್ವೆಟರ್ ಕುಗ್ಗಿದ್ದು ಅದು ನಿಜವಾದ ಉಣ್ಣೆಯೇ ಆಗಿತ್ತು ಎಂಬುದಕ್ಕೆ ಸಾಕ್ಷಿ. ಆ ಮಾರಾಟಗಾರ ಅಷ್ಟರಮಟ್ಟಿಗೆ ಸುಳ್ಳು ಹೇಳಿರಲಿಲ್ಲ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂತೆ ಸೂಕ್ಷ್ಮ ಪದರಗಳಿವೆ. ಬಿಸಿ ನೀರಿಗೆ ಅವು ತೆರೆದುಕೊಳ್ಳುತ್ತವೆ, ಮಷಿನ್ನಿನ ಕುಲುಕಾಟಕ್ಕೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಕ್ಷಾರದ ಸೋಪು ಆ ಕೆಲಸವನ್ನು ಇನ್ನಷ್ಟು ಬೇಗ ಮಾಡಿಸುತ್ತದೆ. ಒಮ್ಮೆ ಹೆಣೆದುಕೊಂಡ ಮೇಲೆ ಬಿಡಿಸುವ ಹಾಗಿಲ್ಲ. ಎಸೆಯಬೇಡಿ. ಹೀಗೆ ಗಟ್ಟಿಯಾದ ಉಣ್ಣೆಯನ್ನು ಕತ್ತರಿಸಿದರೆ ಎಳೆ ಬಿಚ್ಚುವುದಿಲ್ಲ. ಬಿಡಿಸಿ ಚಪ್ಪಟೆ ಮಾಡಿ, ಹತ್ತಿ ಬಟ್ಟೆಯ ಒಳಗಿಟ್ಟು ಹೊಲಿದರೆ ಚಿಂಟುವಿನ ಹಾಸಿಗೆಗೆ ಒಳ್ಳೆಯ ಪದರವಾಗುತ್ತದೆ.

ಹೊಸದು ಉಣ್ಣೆಯದಾದರೆ ಕೈಯಲ್ಲೇ ಒಗೆಯಿರಿ. ಮೊದಲು ಒಣಗಿದ್ದಾಗಲೇ ಕೊಡವಿ, ನಾಯಿಯ ಕೂದಲನ್ನು ಬ್ರಶ್ಶಿನಿಂದ ತೆಗೆಯಿರಿ; ನೀರು ತಾಗಿದ ಮೇಲೆ ಕೂದಲು ಎಳೆಗಳ ನಡುವೆ ಸೇರಿಕೊಳ್ಳುತ್ತದೆ. ತಣ್ಣೀರು, ಹೆಚ್ಚೆಂದರೆ 30 ಡಿಗ್ರಿಯ ಒಳಗಿನ ನೀರು. ಬಟ್ಟೆ ಸೋಪಿನ ಬಿಲ್ಲೆ, ಒಗೆಯುವ ಸೋಡಾ ಬೇಡ. ಸಾಮಾನ್ಯ ಪುಡಿಯೂ ಬೇಡ. ಕಲೆ ತೆಗೆಯಲೆಂದು ಹಲವು ಪುಡಿಗಳಲ್ಲಿ ಪ್ರೋಟೀನ್ ಕರಗಿಸುವ ಕಿಣ್ವ ಇರುತ್ತದೆ, ಉಣ್ಣೆಯೂ ಪ್ರೋಟೀನೇ. ಬ್ಲೀಚ್ ಅಂತೂ ಉಣ್ಣೆಯನ್ನೇ ಕರಗಿಸುತ್ತದೆ. ಉಣ್ಣೆಗೆಂದೇ ಸಿಗುವ ದ್ರವ ಸೋಪು ಸಾಕು. ಅಂಟುವಾಳ ಕಾಯಿ ನೆನೆಸಿದ ನೀರು ಅದಕ್ಕಿಂತ ಕಡಿಮೆಯೇನಲ್ಲ. ರೇಷ್ಮೆ, ಉಣ್ಣೆಗೆ ನಮ್ಮ ಹಿರಿಯರು ಬಳಸುತ್ತಿದ್ದುದು ಅದನ್ನೇ, ನಿಮ್ಮ ಅತ್ತೆಯವರಿಗೆ ಗೊತ್ತಿರುತ್ತದೆ. ಯಾವುದಾದರೂ ಸರಿ, ನೊರೆ ಪೂರ್ತಿ ಹೋಗುವ ತನಕ ಜಾಲಿಸಿ. ನಾಯಿ ಅದನ್ನು ನೆಕ್ಕುತ್ತದೆ ಎಂಬುದು ನೆನಪಿರಲಿ. ಆ ಕಾರಣಕ್ಕೇ ಕೊನೆಯ ನೀರಿಗೆ ಫಿನಾಯಿಲ್ ಅಥವಾ ಸುವಾಸನೆಯ ದ್ರವ ಹಾಕುವುದೂ ಬೇಡ. ಉಚ್ಚೆಯ ವಾಸನೆಗೆ ಒಂದು ಬಕೆಟ್ ತಣ್ಣೀರಿಗೆ ಅರ್ಧ ಲೋಟ ಬಿಳಿ ವಿನಿಗರ್ ಹಾಕಿ ಕಾಲು ಗಂಟೆ ನೆನೆಸಿ ಜಾಲಿಸಿದರೆ ಸಾಕು. ಹಿಂಡಬೇಡಿ, ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ, ನೆರಳಲ್ಲಿ ಚಪ್ಪಟೆಯಾಗಿ ಹರಡಿ. ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ಜೋತು, ಅಳತೆಯೆಲ್ಲ ಕೆಡುತ್ತದೆ. ಅಕ್ರಿಲಿಕ್ ಆದರೆ ಇಷ್ಟು ನಾಜೂಕು ಬೇಕಿಲ್ಲ, ತಣ್ಣೀರಲ್ಲಿ ಮಷಿನ್ನಿಗೆ ಹಾಕಿದರೂ ಆದೀತು. ಇಸ್ತ್ರಿ ಮಾತ್ರ ಮಾಡಬೇಡಿ.

ಎರಡು ಸ್ವೆಟರ್ ಇದ್ದರೆ ಒಂದು ಒಗೆತದಲ್ಲಿರುವಾಗ ಇನ್ನೊಂದು ಹಾಕಬಹುದು. ಒಂದೇ ಇದ್ದರೆ ಅರ್ಧ ಒಣಗಿದ್ದನ್ನೇ ಹಾಕುವ ಆತುರ ಬರುತ್ತದೆ. ಎರಡು ನಾಯಿಗಳಿಗೆ ಒಂದೇ ಬಟ್ಟೆಯನ್ನು ಬದಲಿಸಿ ಹಾಕಬೇಡಿ. ಹುಳುಕಡ್ಡಿ ಬಂದ ನಾಯಿಯ ಉಣ್ಣೆ ಸ್ವೆಟರನ್ನು ಉಳಿಸಿಕೊಳ್ಳಲು ಹೋಗಬೇಡಿ. ಆ ಶಿಲೀಂಧ್ರ ತಿಂಗಳುಗಟ್ಟಲೆ ಬಟ್ಟೆಯಲ್ಲಿ ಬದುಕಿರುತ್ತದೆ, ಉಣ್ಣೆಯನ್ನು ಕುದಿಸುವ ಹಾಗಿಲ್ಲ, ಅದು ಮನೆಯವರಿಗೂ ಅಂಟುತ್ತದೆ.

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೊರಟುಹೋಗುತ್ತದೆ ಎನ್ನುತ್ತಾರಲ್ಲ, ಆಗ ಸ್ವೆಟರನ್ನು ಒಗೆದೇ ಎತ್ತಿಡಿ. ಉಣ್ಣೆ ತಿನ್ನುವ ನುಸಿಯ ಮರಿಹುಳುಗಳಿಗೆ ಜೊಲ್ಲು, ಎಣ್ಣೆ, ಅನ್ನದ ಕಲೆ ಹತ್ತಿದ ಜಾಗವೇ ಹೆಚ್ಚು ಇಷ್ಟ. ಪೂರ್ತಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿಡಿ. ಬೇವಿನೆಲೆ ಹಾಕಿದರೆ ತೊಂದರೆಯಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ. ನುಸಿಗುಳಿಗೆ ಮಾತ್ರ ಬೇಡ. ನ್ಯಾಫ್ತಲೀನ್ ಗುಳಿಗೆಯನ್ನು ಚಿಕ್ಕ ನಾಯಿ ಒಂದೇ ಒಂದು ನುಂಗಿದರೂ ಕೆಂಪು ರಕ್ತಕಣಗಳು ಒಡೆಯಬಹುದು. ಒಸಡು ಬಿಳಿಚುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು ಒಂದೆರಡು ದಿನ ಬಿಟ್ಟು ಕಾಣುತ್ತದೆ, ಆಗ ಯಾರಿಗೂ ಗುಳಿಗೆಯ ನೆನಪಿರುವುದಿಲ್ಲ. ಕರ್ಪೂರವೂ ನಾಯಿಗೆ ವಿಷವೇ. ಮುಂದಿನ ಕಾರ್ತಿಕದಲ್ಲಿ ತೆಗೆದಾಗ ಒಮ್ಮೆ ಗಾಳಿಗೆ ಹಾಕಿ, ಎದೆಯ ಅಳತೆಯನ್ನು ಮತ್ತೆ ನೋಡಿ. ಈ ವಯಸ್ಸಿನಲ್ಲಿ ನಾಯಿ ಒಂದು ವರ್ಷದಲ್ಲಿ ದಪ್ಪಗಾಗಲೂಬಹುದು, ಇಳಿಯಲೂಬಹುದು.

ಕೆಂಪಿಗೆ ಸ್ವೆಟರ್ ಬೇಡ. ಮೂರು ವರ್ಷದ ಗಟ್ಟಿ ನಾಡು ನಾಯಿಗೆ ಮಂಡ್ಯದ ಚಳಿ ಲೆಕ್ಕಕ್ಕಿಲ್ಲ; ಅವಳಿಗೂ ಒಂದು ಗೋಣಿಚೀಲ, ಗಾಳಿ ಬೀಸದ ಮೂಲೆ ಕೊಡಿ. ಅವಳ ವಿಷಯದಲ್ಲಿ ಯಜಮಾನರು ಗೆದ್ದರು ಎಂದು ಹೇಳಬಹುದು. ಚಿಂಟುವನ್ನು ಈ ವಾರವೇ ಹತ್ತಿರದ ಪಶು ಆಸ್ಪತ್ರೆಯಲ್ಲಿ ತೋರಿಸಿ. ಬೆಳಿಗ್ಗೆ ಅವನು ನಡುಗುತ್ತಾ ಏಳುವುದನ್ನು, ನಾಲ್ಕು ಹೆಜ್ಜೆ ನಡೆಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಆಸ್ಪತ್ರೆಯ ಮೇಜಿನ ಮೇಲೆ ಭಯಕ್ಕೆ ಎಲ್ಲ ನಾಯಿಗಳೂ ನಡುಗುವುದರಿಂದ ಅಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ. ಅಷ್ಟರೊಳಗೆ ಹಿಂಗಾಲು ತೊಡರುವುದು, ಪಾದ ಮಡಚಿಕೊಂಡು ಎಳೆಯುವುದು, ಉಚ್ಚೆ ನಿಲ್ಲುವುದು ಇವುಗಳಲ್ಲಿ ಯಾವುದೊಂದು ಕಂಡರೂ ವಾರದ ತನಕ ಕಾಯಬೇಡಿ. ಹಲಗೆಯ ಮೇಲೆ ಅಲುಗದಂತೆ ಮಲಗಿಸಿ ಅಂದೇ ಕರೆದೊಯ್ಯಿರಿ.